ಗೋಡೆಗೆ ಒಂದು ಗೇಣು

ಜಯಶೀಲಾ ಬಟಾಟೆಯ ಸಿಪ್ಪೆ ತೆಗೆಯುತ್ತಿದ್ದಳು. ಎದುರಿಗೆ ಕುಳಿತ ಫುರ್ಬಾ ಕೂಡ ಅದನ್ನೇ ಮಾಡುತ್ತಿದ್ದಳು. ಜಯಶೀಲಾಳ ಕೈಯಲ್ಲಿ ಪೀಲರ್ ಇತ್ತು, ಬಟಾಟೆ ಹಸಿ. ಫುರ್ಬಾ ಬೇಯಿಸಿದ ಬಟಾಟೆಯನ್ನು ಹಬೆಯಾಡುತ್ತಿರುವಾಗಲೇ ಹಿಡಿದು ಹೆಬ್ಬೆರಳ ಉಗುರಿನಿಂದ ಸಿಪ್ಪೆ ಎಳೆಯುತ್ತಿದ್ದಳು. ನಡುವೆ ಒಂದೇ ಸ್ಟೀಲ್ ಪಾತ್ರೆ. ಇಬ್ಬರ ಸಿಪ್ಪೆಯೂ ಅದಕ್ಕೇ ಬೀಳುತ್ತಿತ್ತು. ಇಬ್ಬರೂ ಮಾತಾಡುತ್ತಿರಲಿಲ್ಲ.

ಭಾಷೆ ಬಾರದೆ ಅಲ್ಲ. ಜಯಶೀಲಾ ಮದುವೆಯಾದ ಹೊಸದರಲ್ಲಿ ಮುಂಬೈಯಲ್ಲಿದ್ದವಳು, ಅಲ್ಲಿನ ಹಿಂದಿ ನಾಲಿಗೆಯ ಮೇಲೆ ಉಳಿದಿತ್ತು. ಫುರ್ಬಾಳದು ನೇಪಾಳಿ ಬೆರೆತ ಹಿಂದಿ. ಎರಡೂ ಸೇರಿದರೆ ಒಂದು ಅಡುಗೆಮನೆಗೆ ಸಾಕಾಗುವಷ್ಟು ಮಾತು ಆಗುತ್ತಿತ್ತು. ಈ ದಿನದ ಮೌನಕ್ಕೆ ಕಾರಣ, ಹಿಂದಿನ ದಿನ ಊಟಕ್ಕೆ ಕುಳಿತಾಗ ಶೋಭಿತ್ ಹೇಳಿದ ಸುದ್ದಿ.

ಶೋಭಿತ್ ಜಯಶೀಲಾಳ ಮಗ, ಫುರ್ಬಾಳ ಅಳಿಯ. ಇಂಗ್ಲೆಂಡಿನ ಶೆಫೀಲ್ಡ್‌ನ ಆಸ್ಪತ್ರೆಯಲ್ಲಿ ಎಕ್ಸ್-ರೇ ವಿಭಾಗದಲ್ಲಿದ್ದ. ಅಲ್ಲೇ ನರ್ಸ್ ಆಗಿದ್ದ ಮಿಂಗ್ಮಾಳನ್ನು ಮದುವೆಯಾಗಿ ಬ್ರೂಮ್‌ಹಿಲ್‌ನ ಈ ಹಳೆಯ ಇಟ್ಟಿಗೆ ಮನೆಗೇ ಕರೆತಂದಿದ್ದ. ವರ್ಷ ತುಂಬದ ಹೆಣ್ಣುಮಗುವಿತ್ತು. ಜಯಶೀಲಾ ಅದಕ್ಕೆ ಸೃಷ್ಟಿ ಎಂದು ಹೆಸರಿಟ್ಟಿದ್ದಳು. ಸೋಮವಾರ ಹುಟ್ಟಿದ್ದರಿಂದ ಮಿಂಗ್ಮಾಳ ಶೆರ್ಪಾ ಬಳಗದವರಿಗೆಲ್ಲ ಅದು ದಾವಾ. ಹೆರಿಗೆ ರಜೆ ಮುಗಿಸಿ ಮಿಂಗ್ಮಾ ವಾರ್ಡಿಗೆ ಮರಳಬೇಕಾದ್ದರಿಂದ ಅವಳ ತಾಯಿ ಫುರ್ಬಾ, ಎವರೆಸ್ಟ್ ಕಡೆಯ ತನ್ನ ಊರು ಬಿಟ್ಟು ಒಂದು ಚಳಿಗಾಲದ ಮಟ್ಟಿಗೆ ಬಂದಿದ್ದಳು.

"ಮೇಲೆ ಕ್ರೂಕ್ಸ್‌ನಲ್ಲಿ ಒಂದು ಮನೆ ನೋಡಿದ್ದೇವೆ," ಎಂದಿದ್ದ ಶೋಭಿತ್. "ಹೊಸದು. ಮಾರ್ಚ್‌ನಲ್ಲಿ ಕೀ ಕೊಡ್ತಾರೆ."

"ಯಾರಿಗೆ?" ಎಂದಳು ಜಯಶೀಲಾ.

"ನಮ್ಗೆ. ಮಗುವಿಗೆ ಪುನಃ ಕೆಮ್ಮು ಅಲ್ವಾ ಅಮ್ಮ. ಮಲಗುವ ರೂಮು ಬೆಚ್ಚಗಿರ್ಬೇಕು ಅಂತ ಡಾಕ್ಟರು ಹೇಳ್ತಾ ಇದ್ದಾರೆ. ಮೇಲಿನ ರೂಮಿಗೆ ಎಷ್ಟು ಹೀಟಿಂಗ್ ಹಾಕಿದ್ರೂ ಅದು ಫ್ರಿಜ್ಜೇ."

"ನೀನೂ ಅದೇ ಫ್ರಿಜ್ಜಲ್ಲಿ ಬೆಳೆದದ್ದು. ಹಾಳಾಗಿ ಹೋದೆಯಾ?"

"ಸ್ವಲ್ಪ," ಎಂದಳು ಅವನ ತಂಗಿ ಯಶ್ಮಿತಾ.

ಯಾರೂ ನಗಲಿಲ್ಲ. ಜಯಶೀಲಾ ತಟ್ಟೆ ಎತ್ತಿಕೊಂಡು ಎದ್ದಿದ್ದಳು. ಆಗಿನಿಂದ ಅವಳು ಯಾರ ಜೊತೆಗೂ ಮಾತಾಡಿರಲಿಲ್ಲ.

ಫುರ್ಬಾ ಕೊನೆಯ ಬಟಾಟೆ ಮುಗಿಸಿ ಕೈ ಒರೆಸಿಕೊಂಡು ಎದ್ದಳು. ಅಡುಗೆಮನೆಯ ಗೋಡೆಗಳಿಗೆ ಒಂದೊಂದಾಗಿ ಅಂಗೈ ಇಟ್ಟು ನೋಡಿದಳು. ಇಳಿಜಾರಿನ ಮನೆಯದು. ಬೀದಿಯಿಂದ ಒಳಗೆ ಬಂದು, ಮುಂದಿನ ಹಾಲ್ ದಾಟಿ, ಮೆಟ್ಟಿಲಿಳಿದರೆ ಈ ಅಡುಗೆಮನೆ. ಬೀದಿಯ ಕಡೆಯ ಗೋಡೆ ಪೂರ್ತಿ ಗುಡ್ಡದ ಮಣ್ಣಿನೊಳಗೆ. ಎದುರಿನ ಗೋಡೆಯಲ್ಲಿ ದೊಡ್ಡ ಗಾಜಿನ ಬಾಗಿಲು. ಅದರಾಚೆ ಅಂಗಳ, ಅದರಾಚೆ ಕಣಿವೆ. ಸೂರ್ಯ ಬಂದರೆ ಮೊದಲು ಅಲ್ಲಿಗೇ ಬರುತ್ತಿದ್ದ.

"ಇದನ್ನು ಕಟ್ಟಿದವನಿಗೆ ಗುಡ್ಡ ಗೊತ್ತಿತ್ತು," ಎಂದಳು ಫುರ್ಬಾ. "ಬೆನ್ನು ಗುಡ್ಡಕ್ಕೆ, ಮುಖ ಬಿಸಿಲಿಗೆ. ನಮ್ಮಲ್ಲೂ ಹೀಗೇ. ಗುಡ್ಡದ ಕಡೆ ಕಿಟಕಿಯೇ ಇಡುವುದಿಲ್ಲ. ಕೆಳಗೆ ಯಾಕ್, ಮೇಲೆ ನಾವು. ದನದ ಬಿಸಿ ಮೇಲೆ ಬರ್ತದೆ."

ಜಯಶೀಲಾಳ ಪೀಲರ್ ನಿಂತಿತು.

"ಮೇಲೆ ಅಂದರೆ ಒಂದೇ ಉದ್ದದ ಕೋಣೆ. ಒಲೆ, ಊಟ, ನಿದ್ದೆ, ದೇವರು, ಎಲ್ಲ ಅಲ್ಲೇ. ನೀವು ಒಬ್ಬೊಬ್ಬರು ಒಂದೊಂದು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬೇರೆ ಬೇರೆ ನಡುಗ್ತೀರಿ."

"ಎಲ್ಲರೂ ಇಲ್ಲೇ ಮಲಗಿದ್ರೆ ಮಗುವಿನ ಕೆಮ್ಮು ಹೋಗ್ತದಾ?" ಎಂದಳು ಜಯಶೀಲಾ.

"ಮಿಂಗ್ಮಾ ಹಾಗೇ ಬೆಳೆದದ್ದು."

"ಕೆಮ್ಮು ಹೋದ್ರೆ ಅವರಿಗೆ ಬೇರೆ ಮನೆ ಎಂತಕ್ಕೆ?"

ಅದು ಫುರ್ಬಾಳಿಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ಫುರ್ಬಾ ಸಿಪ್ಪೆಯ ಪಾತ್ರೆ ಎತ್ತಿಕೊಂಡು ಅಂಗಳಕ್ಕೆ ಹೋದಳು.

ಭಾನುವಾರ ಹಾಸಿಗೆಗಳು ಕೆಳಗಿಳಿದವು. ಜಯಶೀಲಾಳ ಗಂಡ ರತ್ನಾಕರ ಒಂದು ತುದಿ ಹಿಡಿದಿದ್ದ, ಶೋಭಿತ್ ಇನ್ನೊಂದು. ರತ್ನಾಕರನಿಗೆ ನಿವೃತ್ತಿ ಹತ್ತಿರವಾಗಿತ್ತು, ಮೊಣಕಾಲು ಅದಕ್ಕೂ ಮೊದಲೇ ನಿವೃತ್ತಿಯಾಗಿತ್ತು. ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದ.

"ಎಲ್ಲ ಸರಿ. ಯಾಕ್ ಎಲ್ಲಿ ಕಟ್ಟುವುದು?" ಎಂದ. "ಕೌನ್ಸಿಲ್‌ನವರು ಬಿಡ್ಲಿಕ್ಕಿಲ್ಲ."

"ನೀವು ಗೊರಕೆ ಹೊಡೀತೀರಲ್ಲ. ಅಷ್ಟು ಸಾಕು," ಎಂದಳು ಜಯಶೀಲಾ. ಎರಡು ದಿನದ ನಂತರ ಅವಳು ಗಂಡನಿಗೆ ಹೇಳಿದ ಮೊದಲ ಮಾತು ಅದು.

ಮಿಂಗ್ಮಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

"ಆಮಾ, ನೀನು ಎಲ್ಲ ಹೇಳಿದೆ. ಹೊಗೆಯ ವಿಷಯ ಹೇಳಿದೆಯಾ?" ಎಂದು ತಾಯಿಯನ್ನು ಕೇಳಿದಳು. ಅತ್ತೆಯ ಕಡೆ ತಿರುಗಿ, "ನಮ್ಮ ಮನೆಗೆ ಚಿಮಣಿ ಇರಲಿಲ್ಲ ಅತ್ತೆ. ಸ್ಕೂಲಲ್ಲಿ ನನ್ನ ತಲೆಕೂದಲು ಮೂಸಿ, ಇವತ್ತು ನಿಮ್ಮ ಮನೆಯಲ್ಲಿ ಎಂತ ಅಡುಗೆ ಅಂತ ಹೇಳ್ತಿದ್ರು," ಎಂದಳು.

"ಇಲ್ಲಿ ಹೊಗೆ ಇಲ್ಲ. ಇಂಡಕ್ಷನ್ ಒಲೆ," ಎಂದಳು ಜಯಶೀಲಾ. ಒಲೆಯನ್ನು ತಾನೇ ಕಂಡುಹಿಡಿದವಳ ಹಾಗಿತ್ತು ಅವಳ ದನಿ.

ಯಶ್ಮಿತಾ ಮಾತ್ರ ಒಪ್ಪಲಿಲ್ಲ. ಕಾಲೇಜು ಬಿಟ್ಟು ಗಾರ್ಡನ್ ಸೆಂಟರಿನ ಕೆಫೆಯಲ್ಲಿ ಕೆಲಸಕ್ಕೆ ಸೇರಿದ್ದವಳು. "ಐ ಆಮ್ ನೈಂಟೀನ್, ಅಮ್ಮ. ಪಪ್ಪನ ಪಕ್ಕದಲ್ಲಿ ಸ್ಲೀಪಿಂಗ್ ಬ್ಯಾಗಾ? ನೋ. ನಾನು ಮೇಲೇ ಇರ್ತೇನೆ."

"ಇರು. ಫ್ರೀಜ್ ಆದ್ರೆ ಹೇಳು."

ಮೆಟ್ಟಿಲ ಬಾಗಿಲಿಗೆ ಹಳೆಯ ರಜಾಯಿ ತೂಗುಬಿತ್ತು. ಗಾಜಿನ ಬಾಗಿಲ ಪಕ್ಕದಲ್ಲಿ, ರೇಡಿಯೇಟರಿಗೆ ತಾಗಿಕೊಂಡಿದ್ದ ಮೂಲೆಯನ್ನು ಫುರ್ಬಾ ರತ್ನಾಕರನಿಗೆ ತೋರಿಸಿದಳು. ತಮ್ಮಲ್ಲಿ ಒಲೆಯ ಹತ್ತಿರದ ಜಾಗ ಮನೆಯ ಯಜಮಾನನದು, ಅಲ್ಲಿ ಬೇರೆ ಯಾರೂ ಕೂರುವುದಿಲ್ಲ ಎಂದಳು. ರತ್ನಾಕರ ಕೂತು, ಕಾಲು ಚಾಚಿ, ಸುತ್ತ ನೋಡಿದ.

"ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ನನಗೊಂದು ಜಾಗ ಅಂತ ಆದದ್ದು ಇವತ್ತು," ಎಂದ.

ಉಳಿದದ್ದು ಮಣ್ಣಿನ ಕಡೆಯ ಗೋಡೆ. ಅದಕ್ಕೂ ಫುರ್ಬಾ ದಾರಿ ಹೇಳಿದಳು. ಊರಲ್ಲಿ ಆ ಗೋಡೆಯ ಉದ್ದಕ್ಕೂ ಹಲಗೆಗಳಿರುತ್ತವೆ. ತಾಮ್ರದ ಹಂಡೆ, ಪೆಟ್ಟಿಗೆ, ಧಾನ್ಯದ ಚೀಲ, ಕಂಬಳಿ, ಎಲ್ಲವನ್ನೂ ಅಲ್ಲಿ ಒತ್ತಿ ಒತ್ತಿ ಜೋಡಿಸುತ್ತಾರೆ. ಗಾಳಿ ಹೋಗಲೂ ಸಂದಿ ಬಿಡುವುದಿಲ್ಲ. ಗೋಡೆಗೆ ಕೋಟು ತೊಡಿಸಿದ ಹಾಗೆ.

ಸೂಟ್‌ಕೇಸುಗಳು ಬಂದವು. ಸೀರೆಯ ಟ್ರಂಕು ಬಂತು. ಲೀಡ್ಸ್‌ನ ಅಂಗಡಿಯಿಂದ ವರ್ಷಕ್ಕಾಗುವಷ್ಟು ತಂದಿಟ್ಟಿದ್ದ ಕುಚ್ಚಲಕ್ಕಿಯ ಚೀಲಗಳು ಬಂದವು. ಜಯಶೀಲಾ ಒಂದು ಚೀಲವನ್ನು ಗೋಡೆಯವರೆಗೆ ಎಳೆದು, ತುಸು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಕೆಳಗೆ ಹಾಸಿಗೆಯ ಮೇಲೆ ಮಗು ಉರುಳಾಡುತ್ತ ನಗುತ್ತಿತ್ತು. ಅವಳು ಚೀಲವನ್ನು ಮೊಣಕಾಲಿನಿಂದ ಗೋಡೆಗೆ ಒತ್ತಿದಳು.

ಡಿಸೆಂಬರ್ ಹಾಗೆ ಕಳೆಯಿತು. ಬೆಳಿಗ್ಗೆ ಹಾಸಿಗೆ ಸುತ್ತಿ ಕಿಟಕಿಯ ಕೆಳಗಿಟ್ಟರೆ ಅದೇ ಕೂರುವ ಬೆಂಚು. ಮಿಂಗ್ಮಾಳ ಪಾಳಿ ಒಂದು ಥರ, ಶೋಭಿತ್‌ನದು ಇನ್ನೊಂದು ಥರ. ಯಾರು ಯಾವಾಗ ಬಂದರೂ ಕೋಣೆಯಲ್ಲಿ ಒಬ್ಬರಾದರೂ ಇರುತ್ತಿದ್ದರು, ಒಲೆಯ ಮೇಲೆ ಏನಾದರೂ ಇರುತ್ತಿತ್ತು. ಫುರ್ಬಾ ಬಟಾಟೆ ತುರಿದು ಕಾವಲಿಯ ಮೇಲೆ ದಪ್ಪ ರೊಟ್ಟಿ ಹಾಕುತ್ತಿದ್ದಳು. ಅದಕ್ಕೆ ಬೆಣ್ಣೆ ಸಾಕು ಎನ್ನುವುದು ಅವಳ ವಾದ. ಜಯಶೀಲಾ ಒಣಮೀನಿನ ಚಟ್ನಿ ತಂದಿಟ್ಟಳು. ಫುರ್ಬಾ ಮೂಸಿ ಮುಖ ಕಿವುಚಿದಳು, ತಿಂದಳು, ಕಣ್ಣಲ್ಲಿ ನೀರು ಬಂತು, ಮತ್ತೆ ಕೈ ಮುಂದೆ ಮಾಡಿದಳು.

"ಖಾರ ಆಯ್ತಾ?" ಎಂದು ರತ್ನಾಕರ ಕೇಳಿದ.

"ಮೂಗು ಬಿಟ್ಟಿತು. ಒಳ್ಳೆಯದು," ಎಂದಳು ಫುರ್ಬಾ.

ಕ್ರಿಸ್‌ಮಸ್ ಹಿಂದಿನ ವಾರ ಯಶ್ಮಿತಾ ಡುವೆಟ್ ಹೊದ್ದುಕೊಂಡೇ ಮೆಟ್ಟಿಲಿಳಿದು ಬಂದಳು.

"ಯಾರೂ ಒಂದು ಮಾತು ಆಡ್ಬಾರ್ದು," ಎಂದಳು.

ಫುರ್ಬಾ ಸರಿದು ಜಾಗ ಮಾಡಿದಳು.

ಮಗುವಿನ ಕೆಮ್ಮು ನಿಂತಿತ್ತು. ಜಯಶೀಲಾ ಅದನ್ನು ದಿನಕ್ಕೊಮ್ಮೆಯಾದರೂ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು. ಹೊಸ ವರ್ಷದ ದಿನ ಪಾಯಸ ಬಡಿಸುತ್ತ ಮಗನಿಗೆ ನೇರವಾಗಿಯೇ ಹೇಳಿದಳು.

"ಆ ಮನೆಯವರಿಗೆ ಬೇಡ ಅಂತ ಹೇಳು. ಈಗ ಇಲ್ಲಿ ಬೆಚ್ಚಗೆ ಉಂಟಲ್ಲ."

ಶೋಭಿತ್ ಹೆಂಡತಿಯ ಕಡೆ ನೋಡಿದ. ಮಿಂಗ್ಮಾ ಮಗುವಿನ ಬಾಯಿ ಒರೆಸುತ್ತಿದ್ದಳು.

"ಪಾಯಸ ಚೆನ್ನಾಗಿ ಆಗಿದೆ ಅಮ್ಮ," ಎಂದ ಶೋಭಿತ್.

ವಾಸನೆ ಮೊದಲು ಬಂದದ್ದು ಯಶ್ಮಿತಾಳಿಗೆ. ಜನವರಿಯ ನಡುವೆ, ವಾರವಿಡೀ ಮಳೆ. ಅವಳ ಹಾಸಿಗೆ ಮಣ್ಣಿನ ಕಡೆಯ ಗೋಡೆಯ ಹತ್ತಿರವಿತ್ತು. "ಹಳೇ ಸಾಕ್ಸ್ ಯಾರದ್ದು?" ಎಂದು ಎರಡು ದಿನ ಎಲ್ಲರನ್ನೂ ಬೈದಳು. ಮೂರನೆಯ ದಿನ ಮಗು ಮತ್ತೆ ಕೆಮ್ಮಿತು. ಜಯಶೀಲಾ ಸೌಟು ಕೆಳಗಿಟ್ಟು ಹೋಗಿ ಒಂದು ಅಕ್ಕಿಚೀಲವನ್ನು ಎಳೆದಳು.

ಗೋಡೆ ಕಪ್ಪಾಗಿತ್ತು. ಚೀಲದ ಬೆನ್ನೂ ಕಪ್ಪಾಗಿತ್ತು. ಬಿಚ್ಚಿ ನೋಡಿದರೆ ಅಕ್ಕಿ ಗಂಟುಗಂಟಾಗಿ ಹಸಿರು ಬೂಷ್ಟು ಹಿಡಿದಿತ್ತು. ಟ್ರಂಕಿನೊಳಗೆ ಮದುವೆಯ ಸೀರೆಯ ಮಡಿಕೆಗಳಲ್ಲಿ ಚುಕ್ಕೆಗಳು.

ಶೋಭಿತ್ ಬಗ್ಗಿ ನೋಡಿದ. "ಇದಕ್ಕೇ ನಾನು ಹೇಳಿದ್ದು. ಇದನ್ನೆಲ್ಲ ಮಗು ಉಸಿರಾಡಿದೆ. ಈ ಮನೆ ಎಂತ ಮಾಡಿದ್ರೂ ಅಷ್ಟೇ ಅಮ್ಮ."

"ಮನೆಯದ್ದು ತಪ್ಪಲ್ಲ," ಎಂದಳು ಜಯಶೀಲಾ. ದನಿ ಏರಿತು. ಫುರ್ಬಾಳ ಕಡೆ ತಿರುಗಿ ಹಿಂದಿಯಲ್ಲಿ ಶುರು ಮಾಡಿದಳು. "ಸಂದಿ ಬಿಡಬೇಡ, ಒತ್ತು ಒತ್ತು ಅಂದದ್ದು ನೀನು. ನನ್ನ ಮನೆಗೆ ಬಂದು ನನಗೇ ಪಾಠ. ಈಗ ನೋಡು. ಇನ್ನು ಇವರನ್ನು ನಾನು ಎಂತ ಹೇಳಿ ನಿಲ್ಲಿಸುವುದು?"

"ಅತ್ತೆ, ಸಾಕು," ಎಂದಳು ಮಿಂಗ್ಮಾ.

ಫುರ್ಬಾ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬೆರಳಿನಿಂದ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದಳು.

"ನೀರು," ಎಂದಳು. "ಗೋಡೆಯೊಳಗಿಂದ ಬರ್ತಾ ಇದೆ." ಬೆರಳು ಒರೆಸಿಕೊಂಡು, "ನಮ್ಮಲ್ಲಿ ಚಳಿಗೆ ಎಲ್ಲ ಒಣಗ್ತದೆ ಸಮ್ಧಿನಿ. ಮಾಂಸ ತೂಗುಹಾಕಿದರೆ ವಸಂತದವರೆಗೆ ಕೆಡುವುದಿಲ್ಲ. ಚಳಿಯಲ್ಲಿ ಕೊಳೆಯುವುದು ಅಂತ ಒಂದುಂಟು ಅಂತ ನನಗೆ ಗೊತ್ತಿರಲಿಲ್ಲ," ಎಂದಳು. ಬೀಗಿತ್ತಿಗೆ ಅವರಲ್ಲಿ ಸಮ್ಧಿನಿ ಎನ್ನುತ್ತಾರೆ. ಇಷ್ಟು ದಿನ ಅವಳು ಹಾಗೇ ಕರೆಯುತ್ತಿದ್ದಳು. ಆ ದಿನ ಮಾತ್ರ ಆ ಶಬ್ದ ತೀರ ಮೆಲ್ಲಗೆ ಬಂತು.

ಆ ದಿನ ಊಟಕ್ಕೆ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಕೂತರು. ಮಗುವನ್ನು ಕರೆದುಕೊಂಡು ಮಿಂಗ್ಮಾ ಮೇಲಿನ ಕೋಣೆಗೆ ಹೋದಳು.

ಮರುದಿನ ಕೆಲಸಕ್ಕೆ ಹೋಗುವವರೆಲ್ಲ ಹೋದ ಮೇಲೆ ಫುರ್ಬಾ ಬಕೆಟ್ಟು, ಬ್ರಷ್ಷು ಹಿಡಿದು ಒಬ್ಬಳೇ ಗೋಡೆ ಉಜ್ಜುತ್ತಿದ್ದಳು. ಜಯಶೀಲಾ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಹಾಗೆ ಉಜ್ಜಿದ್ರೆ ಅದು ಹಾರಿ ಬೇರೆ ಕಡೆ ಕೂರ್ತದೆ. ಮೊದಲು ಒದ್ದೆ ಮಾಡು. ಬ್ಲೀಚ್ ಹಾಕು. ಬಾಗಿಲು ತೆಗಿ."

"ಚಳಿ ಬರ್ತದೆ."

"ಬರ್ಲಿ. ಮಧ್ಯಾಹ್ನ ಒಂದಿಷ್ಟು ಹೊತ್ತು ಬಾಗಿಲು ತೆಗೀಲೇಬೇಕು." ಅವಳು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತಳು. "ನನ್ನ ತವರು ಕಾಪು. ಕಡಲ ಬದಿ. ಗೋಡೆ ಬೆವರುವುದನ್ನು ನೋಡಿಯೇ ಬೆಳೆದವಳು ನಾನು. ನಮ್ಮಲ್ಲಿ ಅಕ್ಕಿಯನ್ನು ಹುಲ್ಲಲ್ಲಿ ಮುಡಿ ಕಟ್ಟುವುದು. ಮುಡಿಯನ್ನು ನೆಲಕ್ಕೂ ಇಡ್ಲಿಕ್ಕಿಲ್ಲ, ಗೋಡೆಗೂ ತಾಗಿಸ್ಲಿಕ್ಕಿಲ್ಲ. ಹಲಗೆಯ ಮೇಲೆ ಇಟ್ಟು, ಗೋಡೆಗೆ ಒಂದು ಗೇಣು ಬಿಡುವುದು."

ಫುರ್ಬಾ ಬ್ರಷ್ ನಿಲ್ಲಿಸಿ ಅವಳ ಮುಖ ನೋಡಿದಳು.

"ನೋಡ್ಬೇಡ ಹಾಗೆ," ಎಂದಳು ಜಯಶೀಲಾ. "ಗೊತ್ತಿತ್ತು. ಆ ದಿನ ಹೇಳ್ಲಿಲ್ಲ. ನೀನು ಹೇಳಿದ ಹಾಗೆಯೇ ಆದ್ರೆ ಇವರು ನಿಲ್ತಾರೆ ಅಂತ ಇತ್ತು ನಂಗೆ."

ಫುರ್ಬಾ ನಕ್ಕಳು. ಬ್ಲೀಚಿನ ಕೈಯನ್ನೇ ಎತ್ತಿ ಜಯಶೀಲಾಳ ಬೆನ್ನಿಗೆ ಒಂದು ಏಟು ಕೊಟ್ಟಳು. ನೀಲಿ ರವಿಕೆಯ ಮೇಲೆ ಐದು ಬೆರಳಿನ ಬಿಳಿ ಗುರುತು ಮೂಡಿತು. ಅದನ್ನು ನೋಡಿ ಯಶ್ಮಿತಾ ಸಂಜೆಯೆಲ್ಲ ನಕ್ಕಳು.

ರತ್ನಾಕರ ಯಾವುದೋ ಅಂಗಡಿಯ ಹಿಂದೆ ಬಿಸಾಡಿದ್ದ, ಸರಕು ಪೇರಿಸುವ ಮರದ ಪ್ಯಾಲೆಟ್‌ಗಳನ್ನು ಕಾರಿನಲ್ಲಿ ಹೇರಿಕೊಂಡು ಬಂದ. ಉಳಿದ ಅಕ್ಕಿ, ಪೆಟ್ಟಿಗೆ ಎಲ್ಲ ಅವುಗಳ ಮೇಲೆ ಕೂತವು. ಜಯಶೀಲಾ ಹೆಬ್ಬೆರಳು ಕಿರುಬೆರಳು ಅಗಲಿಸಿ ಗೋಡೆಯಿಂದ ಅಳೆದು ಜಾಗ ಬಿಡಿಸಿದಳು. ಫುರ್ಬಾಳ ಗೇಣು ಚಿಕ್ಕದು ಎಂದು ಅವಳು ಅಳೆದಲ್ಲೆಲ್ಲ ಮತ್ತೊಮ್ಮೆ ಅಳೆದಳು. ಮಧ್ಯಾಹ್ನ ಗಾಜಿನ ಬಾಗಿಲು ತೆರೆದುಕೊಳ್ಳುತ್ತಿತ್ತು, ಬಿಸಿಲು ಇಳಿಯುವ ಮೊದಲು ಮುಚ್ಚಿಕೊಳ್ಳುತ್ತಿತ್ತು. ಗೋಡೆ ಒಣಗಿತು. ಮಿಂಗ್ಮಾ ಎರಡು ದಿನ ಬಂದು ಬಂದು ಮೂಸಿ ನೋಡಿ, ಮೂರನೆಯ ದಿನ ಮಗುವನ್ನು ಕೆಳಗೆ ತಂದಳು. ಫೆಬ್ರವರಿಯ ಹೊತ್ತಿಗೆ ಮಗು ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಅಂಬೆಗಾಲಿಟ್ಟು ಹೋಗಿ ಸಿಕ್ಕಿಹಾಕಿಕೊಂಡು ಎಲ್ಲರನ್ನೂ ಕರೆಯುತ್ತಿತ್ತು. ಕೆಮ್ಮು ಇರಲಿಲ್ಲ.

ಒಂದು ಸಂಜೆ ಪಾತ್ರೆ ತೊಳೆಯುವಾಗ ಜಯಶೀಲಾ ಮತ್ತೆ ಕೇಳಿದಳು. ಈ ಸಲ ಸೊಸೆಯನ್ನು.

"ಈಗ ಎಂತ ಹೇಳ್ತಿ?"

ಮಿಂಗ್ಮಾ ತಟ್ಟೆ ಒರೆಸುತ್ತಿದ್ದಳು. ಕಲಿತ ಕನ್ನಡವನ್ನು ಜೋಡಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಚಳಿ ಅಂತ ಅಲ್ಲ ಅತ್ತೆ. ಚಳಿ ಅಂತ ಶೋಭಿತ್ ಹೇಳಿದ್ದು, ನಿಮ್ಗೆ ಬೇಜಾರು ಆಗ್ಬಾರ್ದು ಅಂತ."

"ಮತ್ತೆ? ನಾನು ಎಂತ ಕಡಿಮೆ ಮಾಡಿದೆ?"

"ಎಂತ ಕಡಿಮೆ ಮಾಡ್ಲಿಲ್ಲ. ದಿನ ಇಡೀ ವಾರ್ಡಲ್ಲಿ ಜನ. ಮನೆಗೆ ಬಂದ್ರೂ ಜನ. ನಂಗೆ, ಶೋಭಿತ್‌ಗೆ ಕೂತು ಜಗಳ ಆಡ್ಲಿಕ್ಕೂ ಒಂದು ಜಾಗ ಇಲ್ಲ."

"ಇಲ್ಲೇ ಆಡಿ. ನಾವು ಕೇಳುವುದಿಲ್ಲ."

"ಕೇಳ್ತೀರಿ ಅತ್ತೆ. ತೀರ್ಪೂ ಕೊಡ್ತೀರಿ."

ರತ್ನಾಕರ ತನ್ನ ಮೂಲೆಯಲ್ಲಿ ಕೂತು ನಗು ತಡೆಯಲು ಕೆಮ್ಮಿದ. ಜಯಶೀಲಾ ಅವನ ಕಡೆ ತಿರುಗಿ ನೋಡಿದಳು. ಅವನು ಟಿವಿಯ ಕಡೆ ತಿರುಗಿದ.

ಫುರ್ಬಾಳಿಗೆ ಮಗಳು ನೇಪಾಳಿಯಲ್ಲಿ ವಿಷಯ ಹೇಳಿದಳು. ಫುರ್ಬಾ ಬೆಂಚಿನ ಮೇಲೆ ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ತಲೆಯೆತ್ತಲಿಲ್ಲ.

"ನಮ್ಮಲ್ಲಿ ಹಿರಿಯ ಮಗ ಬೇರೆ ಮನೆ ಕಟ್ಟಿಕೊಂಡು ಹೋಗ್ತಾನೆ," ಎಂದಳು. "ಹೆತ್ತವರ ಮನೆ ಕೊನೆಯವನಿಗೆ. ಅವನು ಅವರ ಜೊತೆ ಉಳಿಯಬೇಕು."

ಎಲ್ಲರ ಕಣ್ಣೂ ಯಶ್ಮಿತಾಳ ಕಡೆ ಹೋದವು.

"ನನ್ನನ್ನು ಯಾಕೆ ನೋಡ್ತೀರಿ? ಐ ಆಮ್ ನಾಟ್ ಎ ಶೆರ್ಪಾ!"

ಜಯಶೀಲಾ ನಗಲಿಲ್ಲ. ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಬಂದು ಫುರ್ಬಾಳ ಪಕ್ಕ ಕೂತಳು.

"ಹೋದವರು ಬರ್ತಾರಾ?"

"ನಮಗೆ ಒಂದೇ ಮನೆ ಅಲ್ಲ," ಎಂದಳು ಫುರ್ಬಾ. "ಬೇಸಿಗೆಯಲ್ಲಿ ಹುಲ್ಲು ಮೇಲೆ ಇರ್ತದೆ. ಮಗ ಸೊಸೆ ಯಾಕ್ ಹೊಡೆದುಕೊಂಡು ಮೇಲಿನ ಕಲ್ಲುಮನೆಗೆ ಹೋಗ್ತಾರೆ. ಕೆಳಗೆ ನಾವು ಬಟಾಟೆ ನೋಡಿಕೊಳ್ತೇವೆ. ಹಿಮ ಬೀಳುವ ಮೊದಲು ಅವರು ಇಳಿದು ಬರ್ತಾರೆ. ಯಾರೂ ಅದಕ್ಕೆ ಬೇರೆ ಆದರು ಅನ್ನುವುದಿಲ್ಲ."

"ಬಾರದಿದ್ರೆ?"

"ಹಿಮ ಬೀಳ್ತದಲ್ಲ. ಬರ್ತಾರೆ."

"ಕ್ರೂಕ್ಸ್‌ನಲ್ಲಿ ಸೆಂಟ್ರಲ್ ಹೀಟಿಂಗ್ ಉಂಟು," ಎಂದಳು ಜಯಶೀಲಾ.

ಫುರ್ಬಾ ಮಗುವಿನ ಒಂದು ಕಾಲನ್ನು ಜಯಶೀಲಾಳ ಮಡಿಲಿಗೆ ಹಾಕಿದಳು. ಆ ಕಾಲಿಗೆ ಜಯಶೀಲಾ ಎಣ್ಣೆ ತಿಕ್ಕಿದಳು.

ಮಾರ್ಚ್‌ನ ಒಂದು ಶನಿವಾರ ಬಾಡಿಗೆಯ ವ್ಯಾನು ಬಂದು ಬೀದಿಯ ಇಳಿಜಾರಿನಲ್ಲಿ ಚಕ್ರಕ್ಕೆ ಇಟ್ಟಿಗೆ ಕೊಟ್ಟುಕೊಂಡು ನಿಂತಿತು. ಕ್ರೂಕ್ಸ್ ದೂರವೇನಲ್ಲ, ಏರುದಾರಿ ಅಷ್ಟೇ. ರತ್ನಾಕರನ ಮೊಣಕಾಲಿಗೆ ಮಾತ್ರ ದೂರ. ಫುರ್ಬಾ ಮಗಳ ಜೊತೆ ಹೋಗಿ ಒಂದು ವಾರ ಅಲ್ಲಿದ್ದು, ಅಲ್ಲಿಂದ ಊರಿಗೆ ವಿಮಾನ ಹತ್ತುವವಳಿದ್ದಳು.

ಜಯಶೀಲಾ ಬೆಳಿಗ್ಗೆಯಿಂದ ನಿಂತಲ್ಲಿ ನಿಂತಿರಲಿಲ್ಲ. ಗಂಜಿಗೆಂದು ಹೊಸ ಕುಚ್ಚಲಕ್ಕಿಯ ಚೀಲ ಕಟ್ಟಿಟ್ಟಳು. ಚಟ್ನಿಯ ಬಾಟಲಿ ಸುತ್ತಿ ಕೊಟ್ಟಳು. ಒಂದು ಪ್ಯಾಲೆಟ್ಟನ್ನೂ ವ್ಯಾನಿಗೆ ಹಾಕಿಸಿದಳು.

"ಅಮ್ಮ, ಅದು ಹೊಸ ಮನೆ. ಗೋಡೆಯಲ್ಲಿ ತೇವ ಇಲ್ಲ," ಎಂದ ಶೋಭಿತ್.

"ಇರ್ಲಿ. ಅಕ್ಕಿ ನೆಲಕ್ಕೆ ಇಡ್ಬೇಡಿ. ಗೋಡೆಗೂ ತಾಗಿಸ್ಬೇಡಿ."

"ಒಂದು ಗೇಣು," ಎಂದಳು ಮಿಂಗ್ಮಾ. ಬೆರಳು ಅಗಲಿಸಿ ತೋರಿಸಿದಳು. ಜಯಶೀಲಾ ಅವಳ ಕೈ ಹಿಡಿದು ಬೆರಳುಗಳನ್ನು ಇನ್ನೂ ಸ್ವಲ್ಪ ಅಗಲಿಸಿದಳು. ಹಿಡಿದ ಕೈಯನ್ನು ಕೂಡಲೇ ಬಿಡಲಿಲ್ಲ.

ಹೊರಡುವ ಹೊತ್ತಿಗೆ ಇಬ್ಬರು ಅಜ್ಜಿಯರೂ ಅಡುಗೆಮನೆಗೆ ಇಳಿದು ಒಂದೇ ತಾಮ್ರದ ಚೆಂಬಿಗೆ ಕೈ ಹಾಕಿದರು. ಹೊರಡುವವರ ಎದುರಿಗೆ ತುಂಬಿದ ಪಾತ್ರೆ ಬರಬೇಕು ಎನ್ನುವುದು ಅವರಲ್ಲೂ ಇತ್ತು, ಇವರಲ್ಲೂ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಫುರ್ಬಾ ಕೈ ಬಿಟ್ಟಳು. ಜಯಶೀಲಾ ನೀರು ತುಂಬಿ, ಮೆಟ್ಟಿಲು ಹತ್ತಿ, ಬೀದಿಯ ಬಾಗಿಲಿಗೆ ಬಂದು ನಿಂತಳು.

ಯಶ್ಮಿತಾ ಮಗುವನ್ನು ಸೀಟಿಗೆ ಕಟ್ಟಿದಳು. ರತ್ನಾಕರ ಚಕ್ರದ ಇಟ್ಟಿಗೆ ತೆಗೆದ. ಫುರ್ಬಾ ಏರುದಾರಿಯನ್ನು ಕಣ್ಣಿನಲ್ಲೇ ಅಳೆದು, ತಾನು ನಡೆದೇ ಬರುತ್ತೇನೆ ಎಂದು ಬೆನ್ನಿಗೆ ಗಂಟು ಏರಿಸಿಕೊಂಡಳು. ಮಿಂಗ್ಮಾ ಬಾಗಿ ಅತ್ತೆಯ ಕಾಲು ಮುಟ್ಟಿದಳು. ಶೋಭಿತ್ ಸ್ಟೀರಿಂಗ್ ಹಿಡಿದು ಕನ್ನಡಿ ಸರಿ ಮಾಡಿಕೊಂಡ. ಬೀದಿಯ ಎರಡೂ ಬದಿಯ ಚಿಮಣಿಗಳ ಮೇಲೆ ಒಳ್ಳೆಯ ಬಿಸಿಲಿತ್ತು.

ಜಯಶೀಲಾ ಚೆಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಚಳಿ ಶುರುವಾದ ಕೂಡಲೇ ಕೆಳಗೆ ಬನ್ನಿ."